ಇಡ್ಲಿಯ ತಳಕ್ಕೊಂದು ತೂತು

ಡೊಂಬಿವಲಿ, ಗಲ್ಲಾದ ಹಿಂದಿನ ಕುರ್ಚಿ

ವಿದೇಶಕ್ಕೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವುದು, ಏನೇನು ನೋಡಿದಿರಿ ಎಂದು. ಒಂದು ದೋಣಿಯ ತಳ ನೋಡಿದೆ, ಹೆಚ್ಚುಕಡಿಮೆ ಅಷ್ಟೇ ಎಂದರೆ ಯಾರೂ ನಂಬುವುದಿಲ್ಲ. ಫೋನು ಇಸಿದುಕೊಂಡು ಫೋಟೋ ಹುಡುಕುತ್ತಾರೆ. ಅದರಲ್ಲಿ ಅರಮನೆಯೂ ಇಲ್ಲ, ಮ್ಯೂಸಿಯಮ್ಮೂ ಇಲ್ಲ. ಒಂದು ಬಿಳಿ ತಳ, ಅದರಲ್ಲೊಂದು ತೂತು, ಅದೇ ತೂತು ಇನ್ನೊಂದು ಕಡೆಯಿಂದ. ನಮ್ಮ ಯಜಮಾನರಂತೂ ಅದನ್ನು ನೋಡಿ, ಇದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತಾ, ನಮ್ಮ ಹೋಟೆಲಿನ ಹಿಂದೆಯೇ ಬೇಕಾದಷ್ಟು ಇವೆಯಲ್ಲ ಎಂದರು.

ನಾವು ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ಒಂದು ವೆಜ್ ಹೋಟೆಲ್ ನಡೆಸುತ್ತೇವೆ. ಉಡುಪಿ ಕಡೆಯವರು ಎಂದ ಮೇಲೆ ಬೇರೆ ಹೇಳಬೇಕಾಗಿಲ್ಲ. ನಾನು ಹುಟ್ಟಿ ಬೆಳೆದದ್ದು ಥಾಣೆಯಲ್ಲಿ, ಅಪ್ಪಯ್ಯನ ಹೋಟೆಲಿಗೆ ಅಂಟಿಕೊಂಡಿದ್ದ ಕೋಣೆಯಲ್ಲಿ. ಅಣ್ಣ ಮತ್ತು ನಾನು ಇಬ್ಬರೇ ಮಕ್ಕಳು. ಗಲ್ಲಾದಲ್ಲಿ ಕೂರಬೇಕಾಗಿದ್ದ ಅಣ್ಣ ಹಡಗಿನ ಅಡುಗೆಯವನಾಗಿ ಹೊರಟುಬಿಟ್ಟ. ಊರೂರು ತಿರುಗಿ ಕೊನೆಗೆ ಸ್ವೀಡನ್ನಿನ ಒಂದು ಸಣ್ಣ ಬಂದರಿನಲ್ಲಿ ಇಳಿದು, ಕಾರಿನ್ ಎಂಬ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನಿಂತ. ಕಾರಿನ್ ಅತ್ತಿಗೆ ಒಮ್ಮೆ ಥಾಣೆಗೆ ಬಂದಿದ್ದಳು. ಅಪ್ಪಯ್ಯನ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದು, ತಟ್ಟೆಯನ್ನು ಎತ್ತಿ ಹಿಡಿದು ಇಡ್ಲಿಯ ಆಕಾರ ನೋಡಿ ನಕ್ಕಿದ್ದಳು. ಊರಿಗೆ ಮರಳಿ ಅವರಿಬ್ಬರೂ ಕೊಂಡ ಹಾಯಿದೋಣಿ ಬಿಳಿಯದು, ಗುಂಡಗಿನದು, ಗಿಡ್ಡದು. ಅದರ ಮೈಮೇಲೆ ಅವಳು ಬರೆಸಿದ ಹೆಸರು ‘ಇಡ್ಲಿ’.

ಕಾರಿನ್ ಅತ್ತಿಗೆ ಈಗಿಲ್ಲ. ದೋಣಿ ಇದೆ. ಅಲ್ಲಿ ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುವ ಕಾರಣ ದೋಣಿಗಳನ್ನೆಲ್ಲ ದಡಕ್ಕೆ ಎತ್ತಿ, ಮರದ ಕಂಬಗಳ ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಮೇಲೆ ಟಾರ್ಪಾಲು ಹೊದಿಸಿದರೂ ಮಳೆ, ಹಿಮ ಒಳಗೆ ಇಳಿಯುತ್ತದೆ. ಆ ನೀರನ್ನು ಅಣ್ಣ ವಾರಕ್ಕೊಮ್ಮೆ ಏಣಿ ಹತ್ತಿ ಡಬ್ಬದಲ್ಲಿ ಮೊಗೆದು ಹೊರಗೆ ಚೆಲ್ಲಬೇಕು. ಕಳೆದ ಚಳಿಗಾಲದಲ್ಲಿ ಏಣಿಯಿಂದ ಜಾರಿ ಬಿದ್ದ. ಭುಜ ಮುರಿಯಿತು. ಅವನ ಮಗಳು ಲೀನಾ, ದೋಣಿ ಮಾರೋಣ ಎಂದು ಹಟ ಹಿಡಿದಳು.

ವೀಡಿಯೋ ಕಾಲಿನಲ್ಲಿ ಅಣ್ಣ ಇದನ್ನೆಲ್ಲ ಹೇಳಿದಾಗ ಗಲ್ಲಾದ ಹಿಂದೆ ಕೂತಿದ್ದ ನಾನು ಕೇಳಿದ್ದು ಒಂದೇ ಮಾತು.

"ಅದಕ್ಕೊಂದು ಮೋರಿ ಇಲ್ವಾ ಅಣ್ಣ?"

"ದೋಣಿಯ ತಳಕ್ಕೆ ಯಾರಾದರೂ ತೂತು ಹೊಡೀತಾರಾ ಮಾರಾಯ್ತಿ," ಎಂದ. ಎರಡು ದಿನ ಬಿಟ್ಟು ಅವನೇ ಫೋನು ಮಾಡಿ, ತೂತು ಹೊಡೆದು ತಿರುಪಿನ ಬೂಚು ಹಾಕಿಸುವವರು ಇದ್ದಾರಂತೆ, ಚಳಿಗಾಲವಿಡೀ ತೆಗೆದಿಡುವುದು, ನೀರಿಗಿಳಿಸುವ ಮೊದಲು ಹಾಕುವುದು ಎಂದ. ಆದರೆ ತನ್ನ ಕೈಯಿಂದ ಅದು ಆಗುವುದಿಲ್ಲ ಎಂದೂ ಸೇರಿಸಿದ. ಅಷ್ಟು ಹೊತ್ತಿಗೆ ಲೀನಾ ಒಬ್ಬ ಗಿರಾಕಿಯನ್ನೂ ಹುಡುಕಿದ್ದಳು. ವಸಂತದಲ್ಲಿ ದೋಣಿ ನೀರಿಗಿಳಿದ ಮರುದಿನ ಬಂದು ನೋಡಿ ಒಯ್ಯುತ್ತಾರಂತೆ.

ನಾನು ಟಿಟ್ವಾಳಾದ ಗಣಪತಿಗೆ ಕೈಮುಗಿದು ಬಂದು ಟಿಕೇಟು ಮಾಡಿಸಿದೆ. ಮಾಡಿಸಿದ್ದು ನಾನಲ್ಲ, ಘಣಸೋಲಿಯಲ್ಲಿ ಕೆಲಸ ಮಾಡುವ ನನ್ನ ಮಗಳು. ನಾನು ಕನ್ನಡದಲ್ಲಿ ಹತ್ತು ಪ್ರಶ್ನೆ ಕೇಳಿದರೆ ಅವಳು ‘ಮಮ್ಮಿ, ಟೆನ್ಶನ್ ಮತ್ ಲೇ’ ಎಂದು ಒಂದೇ ಉತ್ತರ ಕೊಡುತ್ತಾಳೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟಿರುವ ಬಿಜಾಪುರದ ಪಾಟೀಲರು ನಮ್ಮ ಹಳೆಯ ಗಿರಾಕಿ. ಅವರಿಗೆ ವಿಷಯ ಹೇಳಿದೆ. ಅವರು ಚಹಾ ಕಪ್ಪು ಕೆಳಗಿಟ್ಟು, "ತೂತು ಹೊಡಿಯೂದು ದೊಡ್ಡ ಮಾತಲ್ರೀ ಅಕ್ಕಾರ. ಅದರ ಅಂಚು ಬಂದೋಬಸ್ತ್ ಮಾಡೂದು ನೋಡ್ರಿ, ಅಲ್ಲೇ ಐತಿ ಎಲ್ಲಾ," ಎಂದರು. ಈ ಮಾತು ಮುಂದೆ ಬಹಳ ಕೆಲಸಕ್ಕೆ ಬಂತು.

ಅಣ್ಣನ ಅಡುಗೆಮನೆ

ಅಲ್ಲಿಯ ಮೌನಕ್ಕೆ ಹೊಂದಿಕೊಳ್ಳುವುದೇ ನನಗೆ ದೊಡ್ಡ ಕೆಲಸವಾಯಿತು. ಬಸ್‌ಸ್ಟಾಪಿನಲ್ಲಿ ಮೂರು ಜನ ನಿಂತಿದ್ದರೆ ನಡುವೆ ಒಂದೊಂದು ಎಮ್ಮೆ ಕಟ್ಟುವಷ್ಟು ಜಾಗ. ಜಾಗ ಉಂಟಲ್ಲ ಎಂದು ನಾನು ಅಭ್ಯಾಸಬಲದಿಂದ ಒಬ್ಬಾಕೆಯ ಪಕ್ಕ ಹೋಗಿ ನಿಂತೆ. ಪಾಪ, ಆಕೆ ಗಾಬರಿಯಿಂದ ಪಕ್ಕಕ್ಕೆ ಸರಿದಳು. ನಾನು ಇನ್ನಷ್ಟು ಸರಿದೆ. ಹೀಗೆ ಇಬ್ಬರೂ ಬಸ್‌ಸ್ಟಾಪನ್ನು ದಾಟಿ ಹೋದೆವು. ಬೆಳಗಿನ ಡೊಂಬಿವಲಿ ಲೋಕಲ್ಲಿನಲ್ಲಿ ಇವರನ್ನು ಒಮ್ಮೆ ಹತ್ತಿಸಬೇಕು ಎಂದು ಅಣ್ಣನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕ ಕೂಡಲೇ ಭುಜ ನೋಯುತ್ತದೆ ಎಂದ.

ಇನ್ನೊಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಒಬ್ಬರ ಮನೆಯಲ್ಲಿ ಊಟ ಮಾಡಿ ಬಂದಿರಿ ಅನ್ನಿ. ಮತ್ತೆ ಅವರು ಎದುರಾದಾಗ, ಅದು ಒಂದು ತಿಂಗಳ ಮೇಲಾದರೂ, ಮೊದಲು ಹೇಳಬೇಕಾದ ಮಾತು ‘ಕಳೆದ ಸಲಕ್ಕೆ ಥ್ಯಾಂಕ್ಸ್’. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಜ್ವರ ಉಂಟಾ ಎಂದು ಹಣೆ ಮುಟ್ಟಿ ನೋಡುತ್ತಾರೆ. ಇಲ್ಲಿ ಹಾಲು ತಂದುಕೊಟ್ಟ ಮಗಳಿಗೆ ಅಪ್ಪ, ಬಾಗಿಲು ಹಿಡಿದ ಅಪ್ಪನಿಗೆ ಮಗಳು, ದಿನವಿಡೀ ಥ್ಯಾಂಕ್ಸ್ ಎಂದುಕೊಳ್ಳುತ್ತಾರೆ. ಮೊದಲೆರಡು ದಿನ ನಾಟಕ ಅನ್ನಿಸಿತು. ಆಮೇಲೆ ನನಗೂ ಬಾಯಿಗೆ ಬಂತು.

ಅಣ್ಣನ ಅಡುಗೆಮನೆಯಲ್ಲಿ ನಮ್ಮ ಥಾಣೆಯ ಹಿತ್ತಾಳೆ ಫಿಲ್ಟರ್ ಇತ್ತು. ಆ ಫಿಲ್ಟರಿಗೆ ಒಂದು ಕತೆಯುಂಟು. ಅಪ್ಪಯ್ಯನ ಹೋಟೆಲಿನಲ್ಲಿ ಪಾತ್ರೆ ನೆನೆಹಾಕುವ ದೊಡ್ಡ ಸಿಮೆಂಟು ತೊಟ್ಟಿ ಇತ್ತು. ಹೋಟೆಲು ಮುಚ್ಚುವಾಗ ತೊಟ್ಟಿ ತೊಳೆದು, ತಳದ ಬೂಚು ತೆಗೆದು ಒಣಗಲು ಬಿಡಬೇಕು. ಬೆಳಗ್ಗೆ ಮುನಿಸಿಪಾಲಿಟಿಯ ನೀರು ಬರುವ ಮೊದಲು ಬೂಚು ಹಾಕಬೇಕು. ಮರೆತರೆ ಬಂದ ನೀರೆಲ್ಲ ಚರಂಡಿ ಪಾಲು, ಆ ದಿನ ಹೋಟೆಲೇ ಬಂದ್. ಅದಕ್ಕೆ ಅಪ್ಪಯ್ಯ ಒಂದು ಉಪಾಯ ಮಾಡಿದ್ದರು. ಕಡೆಗೆ ಹೋಗುವವರು ಬೂಚನ್ನು ಈ ಫಿಲ್ಟರಿನ ಮುಚ್ಚಳದ ಮೇಲೆ ಇಡುವುದು. ಬೆಳಗ್ಗೆ ಮೊದಲು ಬಂದವನಿಗೆ ಕಾಫಿ ಬೇಕೇ ಬೇಕು, ಬೂಚು ಎತ್ತದೆ ಕಾಫಿ ಇಲ್ಲ. ಕಾಫಿ ಮಾಡಿದವನೇ ಬೂಚು ಹಾಕುವುದು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಡೊಂಬಿವಲಿಯಲ್ಲಿ ನಾನೂ ಇದನ್ನೇ ನಡೆಸಿಕೊಂಡು ಬಂದಿದ್ದೇನೆ.

ಲೀನಾ ಸಂಜೆ ಬಂದಳು. ಎತ್ತರದ ಹುಡುಗಿ, ಅಣ್ಣನದೇ ಮೂಗು. ಕನ್ನಡದಲ್ಲಿ ‘ಅತ್ತೆ, ಊಟ ಆಯ್ತಾ’ ಎನ್ನುವುದಷ್ಟೇ ಬರುತ್ತದೆ, ಉಳಿದದ್ದೆಲ್ಲ ಇಂಗ್ಲಿಷು. ಅಣ್ಣ ಸ್ನಾನಕ್ಕೆ ಹೋದಾಗ ನಾನು ಮೆಲ್ಲಗೆ ಮೋರಿಯ ವಿಷಯ ತೆಗೆದೆ. ಅವಳು ಕೈಯಲ್ಲಿದ್ದ ತಟ್ಟೆ ಒರೆಸುತ್ತಲೇ ಹೇಳಿದಳು.

"ಅತ್ತೆ, ಅಪ್ಪ ದೋಣಿಯ ಕೆಳಗೆ ಹಿಮದಲ್ಲಿ ಬಿದ್ದಿದ್ದರು. ಹುಡುಕಿಕೊಂಡು ಹೋದವಳು ನಾನು. ಒಂದು ತೂತಿನಿಂದ ಆ ಏಣಿ ಮಾಯವಾಗುತ್ತದೆ ಎಂದು ನನಗೆ ನಂಬಿಕೆಯಿಲ್ಲ."

ದೋಣಿಯ ಮೇಲೆ ಅವಳಿಗೆ ಸಿಟ್ಟಿಲ್ಲ, ಅಪ್ಪನ ಮೇಲೆ ಪ್ರಾಣ. ಅದನ್ನು ತಿಳಿದ ಮೇಲೆ ನನಗೆ ಅವಳ ಜತೆ ವಾದ ಮಾಡುವ ಮನಸ್ಸಾಗಲಿಲ್ಲ. ತೂತು ಹೊಡೆದು ತೋರಿಸುವುದೊಂದೇ ದಾರಿ.

ದೋಣಿ ಅಂಗಳ, ಅರಸಿನದ ದಿನ

ಬಂದರಿನ ಪಕ್ಕದ ಬಯಲಿನಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ನಮ್ಮ ಇಡ್ಲಿ ಎಲ್ಲಕ್ಕಿಂತ ಗಿಡ್ಡ. ಏಣಿ ಮಾತ್ರ ಗಿಡ್ಡವಲ್ಲ. ಹತ್ತಿ ನಿಂತು ಕೆಳಗೆ ನೋಡಿ, ಎರಡೂ ಕೈಯಿಂದ ಏಣಿ ಹಿಡಿದುಕೊಂಡೆ. ಈ ವಯಸ್ಸಿನಲ್ಲಿ ಅಣ್ಣ, ಮಂಜು ಹಿಡಿದ ಈ ಮೆಟ್ಟಿಲಲ್ಲಿ, ಕೈಯಲ್ಲಿ ಡಬ್ಬ ಹಿಡಿದು. ಲೀನಾ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮೋರಿ ಎಲ್ಲಿರಬೇಕು ಎಂಬುದೇ ಮೊದಲ ಪ್ರಶ್ನೆ. ಅಣ್ಣ ಒಳಗೆ ಕೂತು ಇಲ್ಲಿ ಇರಬಹುದು, ಅಲ್ಲಿ ಇರಬಹುದು ಎಂದು ತಳ ಸವರುತ್ತಿದ್ದ. ನನಗೆ ತಡೆಯಲಿಲ್ಲ. ನೆಲ ಹಾಕಿಸಿದಾಗ ಅಪ್ಪಯ್ಯ ಏನು ಮಾಡುತ್ತಿದ್ದರು? ಒಂದು ಕೊಡ ನೀರಿಗೆ ಚಿಟಿಕೆ ಅರಸಿನ ಹಾಕಿ ನೆಲಕ್ಕೆ ಚೆಲ್ಲಿ, ಸ್ಟೂಲು ಹಾಕಿ ಕೂರುತ್ತಿದ್ದರು. ನೀರು ಕಡೆಯದಾಗಿ ನಿಲ್ಲುವ ಜಾಗದಲ್ಲಿ ಮೋರಿ. ಕಪ್ಪು ಕಲ್ಲಿನ ಮೇಲೆ ಬರೀ ನೀರು ಕಾಣುವುದಿಲ್ಲ, ಅರಸಿನ ಕಾಣುತ್ತದೆ. ಡೊಂಬಿವಲಿಯ ಅರಸಿನದ ಪೊಟ್ಟಣ ನನ್ನ ಚೀಲದಲ್ಲೇ ಇತ್ತು. ಅಣ್ಣ ಬೇಡ ಬೇಡ ಎನ್ನುವುದರೊಳಗೆ ಬಕೀಟು ಬಗ್ಗಿಸಿದೆ.

"ಹತ್ತಾರು ವರ್ಷದಿಂದ ಇದರೊಳಗಿನ ನೀರು ಹೊರಗೆ ಹಾಕಿದವ ನಾನು. ನೀನು ಬಂದು ಒಳಗೆ ಹೊಯ್ತೀಯಲ್ಲ," ಎಂದ ಅಣ್ಣ.

ನೀರು ಮೆಲ್ಲಗೆ ಹರಿದು, ಹಿಂಭಾಗದ ಒಂದು ಕಡೆ ಬಂದು ನಿಂತಿತು. ಅಪ್ಪಯ್ಯನ ವಿದ್ಯೆ ಕೈಕೊಡಲಿಲ್ಲ. ನಾನು ಬೀಗುತ್ತ ಬಟ್ಟೆಯಿಂದ ಒರೆಸಿದೆ. ನೀರು ಹೋಯಿತು, ಹಳದಿ ಹೋಗಲಿಲ್ಲ. ಸೋಪು ಹಾಕಿದೆ, ಕೆಂಪಾಯಿತೇ ಹೊರತು ಹೋಗಲಿಲ್ಲ. ನಿಂಬೆಹಣ್ಣು ಹಾಕಿದೆ, ಮತ್ತೆ ಹಳದಿಯಾಗಿ ಇನ್ನೂ ಹೊಳೆಯಿತು. ಕಪ್ಪು ಕಲ್ಲಿನ ನೆಲದಲ್ಲಿ ಮಾಡುವ ಕೆಲಸವನ್ನು ಬಿಳಿ ಫೈಬರಿನ ಮೇಲೆ ಮಾಡಬಾರದು ಎಂಬ ಬುದ್ಧಿ, ಜೀವಮಾನವಿಡೀ ಬಿಳಿ ಅಂಗಿಯಿಂದ ಸಾಂಬಾರಿನ ಕಲೆ ತೆಗೆದವಳಿಗೆ ಹೊಳೆಯಬೇಡವೇ! ಮಾರಾಟಕ್ಕೆ ನಿಂತ ದೋಣಿ ಮದುಮಗಳ ಹಾಗೆ ಅರಸಿನ ಹಚ್ಚಿಕೊಂಡು ಕೂತಿತ್ತು. ಸಂಜೆ ಲೀನಾ ಬಂದು ಬಗ್ಗಿ ನೋಡಿದಳು. ನಾನು ತಪ್ಪೊಪ್ಪಿಕೊಂಡೆ. ಅವಳು ಬಹಳ ಹೊತ್ತು ಆ ಹಳದಿಯನ್ನೇ ನೋಡಿ, ಗಿರಾಕಿ ಏನೆಂದುಕೊಳ್ಳುತ್ತಾನೋ ಎಂದಷ್ಟೇ ಹೇಳಿ ಹೋದಳು.

ದೋಣಿ ಅಂಗಳ, ತೂತಿನ ದಿನ

ಸಾಮಾನೆಲ್ಲ ಅಣ್ಣ ತಂದಿಟ್ಟಿದ್ದ. ಕಂಚಿನ ಒಂದು ಉಂಗುರ, ಅದರೊಳಗೆ ತಿರುಪಿ ಕೂರಿಸುವ ಕಂಚಿನ ಬೂಚು, ಡ್ರಿಲ್ಲು, ಅಂಟು, ಸ್ಕ್ರೂಗಳು. ಏನನ್ನು ಯಾವಾಗ ಮಾಡಬೇಕು ಎಂಬುದು ಅವನಿಗೆ ಬಾಯಿಪಾಠ. ಆದರೆ ಡ್ರಿಲ್ಲು ಹಿಡಿದು ಹಳದಿ ಮಚ್ಚೆಯ ಮೇಲಿಟ್ಟ ಕೂಡಲೇ ಅವನ ಮುಖ ಬೆಳ್ಳಗಾಯಿತು. ಹಡಗಿನಲ್ಲಿ ಅಷ್ಟು ವರ್ಷ ಕಳೆದವನಿಗೆ ತಳಕ್ಕೆ ತೂತು ಎಂದರೆ ಎಂಥ ಮಾತು ಎಂದು ನನಗೆ ಆಗ ಅರ್ಥವಾಯಿತು.

"ನೀನೇ ಮಾಡು ಗಿರಿಜಾ. ನಾನು ಆಚೆ ನಿಲ್ತೇನೆ," ಎಂದು ಡ್ರಿಲ್ಲು ನನ್ನ ಕೈಗಿತ್ತು ಏಣಿ ಇಳಿದ. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ, ದೋಣಿಗೆ ಬೆನ್ನು ಹಾಕಿ ಸಮುದ್ರ ನೋಡುತ್ತ ನಿಂತ.

ಗ್ರೈಂಡರ್ ಹಾಳಾದಾಗ ಬಿಚ್ಚಿ ಕೂರಿಸಿದ ಕೈ ನನ್ನದು. ಒಳಗಿನಿಂದ ಮೊದಲು ಒಂದು ಸಣ್ಣ ತೂತು ಕೊರೆದೆ. ಬೆಳಕಿನ ಒಂದು ಕಡ್ಡಿ ಕೆಳಗಿನಿಂದ ಒಳಗೆ ಬಂತು. ಆಮೇಲೆ ನೆಲಕ್ಕಿಳಿದು ಟಾರ್ಪಾಲು ಹಾಸಿ, ದೋಣಿಯ ಕೆಳಗೆ ಅಂಗಾತ ಮಲಗಿ, ಅದೇ ತೂತಿಗೆ ಗುರಿಯಿಟ್ಟು ದುಂಡು ಗರಗಸದಿಂದ ದೊಡ್ಡದು ಕೊರೆದೆ. ಬಿಳಿ ಪುಡಿ ಮುಖಕ್ಕೆಲ್ಲ ಬಿತ್ತು. ಕನ್ನಡಕ, ಮಾಸ್ಕು ಎಲ್ಲ ಅಣ್ಣ ಮೊದಲೇ ಹಾಕಿಸಿದ್ದ. ಕಡೆಗೆ ಕೋಟಿನ ಗುಂಡಿಯಷ್ಟಗಲದ ಒಂದು ಬಿಳಿ ಬಿಲ್ಲೆ ಕಳಚಿ ಬಂತು. ಅಣ್ಣ ಬಂದು ಆ ಬಿಲ್ಲೆಯನ್ನು ಎತ್ತಿ, ಊದಿ, ಜೇಬಿಗೆ ಹಾಕಿಕೊಂಡ.

ಪಾಟೀಲರ ಮಾತು ಈಗ ನೆನಪಾಯಿತು. ಕೊರೆದ ಅಂಚು ಹಸಿಗಾಯದ ಹಾಗೆ ಇರುತ್ತದೆ, ಅಲ್ಲಿಂದ ನೀರು ಫೈಬರಿನ ಒಳಗೆ ಇಳಿದರೆ ದೋಣಿ ಒಳಗಿಂದೊಳಗೆ ಕೊಳೆಯುತ್ತದೆ. ಅದಕ್ಕೆ ಅಂಚಿಗೆ ಸುತ್ತಲೂ ಅಂಟು ಬಳಿದು, ಅದು ಗಟ್ಟಿಯಾದ ಮೇಲೆಯೇ ಉಂಗುರ ಕೂರಿಸಬೇಕು. ಚಳಿಗೆ ಅಂಟು ಒಣಗುವ ಸೂಚನೆಯೇ ಇಲ್ಲ. ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬಾರದಿದ್ದರೆ ನಾವೇನು ಮಾಡುತ್ತೇವೆ? ಬಿಸಿನೀರಿನ ಚೀಲ ಇಟ್ಟು ಕಂಬಳಿ ಹೊದಿಸುತ್ತೇವೆ. ಅದನ್ನೇ ಮಾಡಿದೆವು. ದಾರಿಯಲ್ಲಿ ಹೋಗುತ್ತಿದ್ದ ಬಿರ್ಗಿಟ್ಟಾ ನಿಂತು ನೋಡಿದರು. ಇವರು ನಿವೃತ್ತ ಟೀಚರು, ದೋಣಿ ಸಂಘದಲ್ಲಿ ಕ್ರೇನ್ ದಿನದ ಮೇಲ್ವಿಚಾರಣೆ ಇವರದೇ. ಇಡ್ಲಿಗೆ ಜ್ವರವೇ ಎಂದು ಗಂಭೀರವಾಗಿ ಕೇಳಿದರು. ಇಲ್ಲ, ಹುಳಿ ಬರಿಸುತ್ತಿದ್ದೇವೆ ಎಂದ ಅಣ್ಣ. ಅವರು ಮನೆಗೆ ಹೋಗಿ ಇನ್ನೊಂದು ಬಿಸಿನೀರಿನ ಚೀಲ ತಂದು ಕೊಟ್ಟರು. ಅವರ ಮನೆ ಅಷ್ಟೇನೂ ಹತ್ತಿರವಿರಲಿಲ್ಲ. ಆ ಚೀಲವನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುದಿನ ಅಂಟು ಗಟ್ಟಿಯಾಗಿತ್ತು. ಉಂಗುರದ ಹಿಂದೆ ಮೇಣದಂಥ ಇನ್ನೊಂದು ಅಂಟು ಬಳಿದು, ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದೆವು. ಪೂರಾ ಬಿಗಿದರೆ ಅಂಟೆಲ್ಲ ಪಿಚಕ್ಕನೆ ಹೊರಗೆ ಬಂದು ಒಳಗೇನೂ ಉಳಿಯುವುದಿಲ್ಲವಂತೆ. ಕಡೆಗೆ ಅಣ್ಣ ತನ್ನ ಕೈಯಿಂದಲೇ ಬೂಚು ತಿರುಪಿದ. ಒಳಗೆ ಒಂದು ಬಕೀಟು ನೀರು ಹೊಯ್ದೆ. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕ್ರೇನ್ ದಿನ

ದೋಣಿಗಳನ್ನು ನೀರಿಗಿಳಿಸುವ ದಿನ ಅಲ್ಲಿ ನಮ್ಮ ಸೊಸೈಟಿಯ ಗಣಪತಿ ವಿಸರ್ಜನೆಯ ಹಾಗೆ. ಸಂಘದ ಎಲ್ಲರೂ ಬರಬೇಕು, ಎಲ್ಲರಿಗೂ ಒಂದೊಂದು ಕೆಲಸ. ಒಬ್ಬರು ಹಗ್ಗ, ಒಬ್ಬರು ಕಂಬ, ಒಬ್ಬರು ಕಾಫಿ. ತನ್ನ ದೋಣಿ ಇಳಿಯಿತೆಂದು ಯಾರೂ ಮನೆಗೆ ಹೋಗುವಂತಿಲ್ಲ, ಕಡೆಯ ದೋಣಿ ಇಳಿಯುವವರೆಗೆ ನಿಲ್ಲಬೇಕು. ವ್ಯತ್ಯಾಸ ಒಂದೇ. ನಾವು ನೀರಿಗೆ ಬಿಟ್ಟದ್ದು ಮುಳುಗಬೇಕು, ಅವರದ್ದು ತೇಲಬೇಕು.

ಹಿಂದಿನ ಸಂಜೆ ನನಗೆ ಆ ಹಳದಿ ಮತ್ತೆ ಕಣ್ಣು ಚುಚ್ಚಿತು. ಗಿರಾಕಿ ನೋಡುವ ಮೊದಲು ಇನ್ನೊಮ್ಮೆ ಉಜ್ಜೋಣ ಎಂದು ಒಬ್ಬಳೇ ಹೋಗಿ, ನಿಂಬೆಹಣ್ಣು ಹಾಕಿ ತಿಕ್ಕಿದೆ. ಕೆಳಗಿಳಿದು ಬೂಚು ಬಿಚ್ಚಿದೆ, ಹಳದಿ ನೀರು ದಡದಡ ಹೊರಗೆ ಹರಿಯಿತು. ಎಷ್ಟು ಚಂದ ಹರಿಯಿತೆಂದರೆ ನೋಡುತ್ತ ನಿಂತುಬಿಟ್ಟೆ. ಮನೆಗೆ ಬಂದು, ನಲವತ್ತು ವರ್ಷ ಮಾಡಿದ ಹಾಗೆಯೇ ಆ ಬೂಚನ್ನು ತೊಳೆದು ಹಿತ್ತಾಳೆ ಫಿಲ್ಟರಿನ ಮುಚ್ಚಳದ ಮೇಲಿಟ್ಟೆ. ಅಣ್ಣ ನೋಡಿದ, ತಲೆಯಾಡಿಸಿದ. ಬೆಳಗ್ಗೆ ಕಾಫಿ ಮಾಡಿದವರು ಹಾಕುತ್ತಾರೆ.

ಬೆಳಗ್ಗೆ ನಾನು ಏಳುವಾಗಲೇ ಲೀನಾ ಬಾಗಿಲಲ್ಲಿದ್ದಳು, ಕೈಯಲ್ಲಿ ದೊಡ್ಡ ಥರ್ಮಾಸು. ಅಪ್ಪನಿಗೂ ಅತ್ತೆಗೂ ತೊಂದರೆ ಬೇಡವೆಂದು ಕಾಫಿ ಮಾಡಿಕೊಂಡೇ ಬಂದಿದ್ದಳು. ಕುಡಿದೆವು, ಥ್ಯಾಂಕ್ಸ್ ಎಂದೆವು, ಕೋಟು ಹಾಕಿ ಹೊರಟೆವು. ತಾನು ಬಾತ್‌ರೂಮಿನಲ್ಲಿದ್ದಾಗ ನಾನು ಹೋಗಿ ಬೂಚು ಹಾಕಿ ಬಂದಿರಬೇಕು ಎಂದು ಅಣ್ಣ, ಅವನು ಎಂದಿನಂತೆ ನನಗಿಂತ ಮೊದಲೆದ್ದು ಹಾಕಿರಬೇಕು ಎಂದು ನಾನು. ಅಡುಗೆಮನೆಯ ಕಡೆ ಇಬ್ಬರೂ ತಲೆ ಹಾಕಲಿಲ್ಲ.

ಇಡ್ಲಿಯ ಹೊಟ್ಟೆಗೆ ಪಟ್ಟಿ ಸುತ್ತಿ ಕ್ರೇನ್ ಎತ್ತಿತು. ಬಿರ್ಗಿಟ್ಟಾ ಕೈ ಸನ್ನೆಯಿಂದಲೇ ಕ್ರೇನನ್ನು ಆಡಿಸುತ್ತಿದ್ದರು. ದೋಣಿ ನೀರು ಮುಟ್ಟಿತು. ಅಲ್ಲಿ ಒಂದು ಪದ್ಧತಿ ಇದೆ. ದೋಣಿ ನೀರಿಗಿಳಿದರೂ ಪಟ್ಟಿ ಬಿಚ್ಚುವುದಿಲ್ಲ. ಮನೆಯವರೊಬ್ಬರು ಹತ್ತಿ, ಒಳಗಿನ ಹಲಗೆ ಎತ್ತಿ ನೋಡಿ, ಒಣಗಿದೆ ಎಂದು ಹೆಬ್ಬೆರಳು ತೋರಿಸಿದ ಮೇಲೆಯೇ ಬಿಡುವುದು. ಲೀನಾ ಹತ್ತಿದಳು. ಹಲಗೆ ಎತ್ತಿದಳು. ಹೆಬ್ಬೆರಳು ಮೇಲೆ ಬರಲಿಲ್ಲ.

"ಅತ್ತೆ," ಎಂದಳು, ಬಹಳ ಶಾಂತವಾಗಿ. "ಹಳದಿ ನೀರು ಏರುತ್ತಾ ಇದೆ. ಬೂಚು ಎಲ್ಲಿ?"

ಅಣ್ಣ ನನ್ನ ಮುಖ ನೋಡಿದ, ನಾನು ಅವನದ್ದು.

"ನೀನು ಹಾಕಿದ್ದಿಲ್ವಾ?"

"ಕಾಫಿ ಮಾಡಿದವರಲ್ವಾ ಹಾಕುವುದು?"

"ಕಾಫಿಯೇ ಮಾಡಿದ್ದಿಲ್ಲವಲ್ಲ ಮಾರಾಯ್ತಿ," ಎಂದ ಅಣ್ಣ. ಅವನ ದನಿ ಅಲ್ಲಿಗೇ ಸೋತುಹೋಯಿತು. ಅವನು ಮಗಳ ಕಡೆ ನೋಡಲಿಲ್ಲ. ಮುಗಿಯಿತು, ಇನ್ನು ದೋಣಿ ಇಟ್ಟುಕೊಳ್ಳುತ್ತೇನೆ ಎನ್ನಲು ತನಗೆ ಬಾಯಿಲ್ಲ ಎಂದು ಅವನಿಗೆ ಅನ್ನಿಸಿತ್ತು. ನನಗೂ ಹಾಗೇ ಅನ್ನಿಸಿತು. ಕಾರಿನ್ ಅತ್ತಿಗೆಯ ದೋಣಿಯನ್ನು ನಾನೇ ಅಷ್ಟು ದೂರದಿಂದ ಬಂದು ಮುಳುಗಿಸಿದೆ ಎಂದು ಕಣ್ಣಲ್ಲಿ ನೀರು ಬಂತು.

ಲೀನಾ ದಡಕ್ಕೆ ದಾಟಿದ್ದೇ ಬಿರ್ಗಿಟ್ಟಾ ಕೈ ಮೇಲೆತ್ತಿದರು. ಕ್ರೇನ್ ಇಡ್ಲಿಯನ್ನು ಮತ್ತೆ ಗಾಳಿಗೆತ್ತಿತು. ಬೂಚು ಮನೆಯಲ್ಲಿ ಫಿಲ್ಟರಿನ ಮೇಲಿದೆ ಎಂದು ನಾನು ತೊದಲಿದೆ. ಲೀನಾ ಕೂಡಲೇ ಯಾರದೋ ಸೈಕಲ್ಲು ಹತ್ತಿ ಹೋದಳು.

ನಮ್ಮ ಹಿಂದೆ ದೋಣಿಗಳ ಸಾಲೇ ಇತ್ತು. ಕಲ್ಯಾಣದ ಹತ್ತಿರ ಸಿಗ್ನಲ್ ಕೆಟ್ಟು ಲೋಕಲ್ಲು ನಿಂತಾಗ ಡಬ್ಬಿಯೊಳಗೆ ಏನೇನು ಕೇಳಬೇಕಾಗುತ್ತದೆ ಎಂದು ನನಗೆ ಗೊತ್ತು. ಅಂಥದ್ದಕ್ಕೆ ತಲೆ ತಗ್ಗಿಸಿ ಕಾದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬಾತ ಬಂದು ನನ್ನ ಕೈಗೆ ಕಾಫಿ ಕೊಟ್ಟ, ಇನ್ನೊಬ್ಬಾಕೆ ದಾಲ್ಚಿನ್ನಿ ಬನ್ನು ಕೊಟ್ಟಳು. ಬಿರ್ಗಿಟ್ಟಾ ಪಕ್ಕಕ್ಕೆ ಬಂದು, ಇಲ್ಲಿ ನಿಂತವರಲ್ಲಿ ಬೂಚು ಇರುವವರೆಲ್ಲ ಒಂದಲ್ಲ ಒಂದು ಸಲ ಮರೆತವರೇ, ನನ್ನದು ಕಾರಿನ ಸೀಟಿನಲ್ಲಿತ್ತು ಎಂದರು. ಅದಕ್ಕೇ ತಾನೇ ಪಟ್ಟಿ ಬಿಚ್ಚದೆ ಕಾಯುವ ಪದ್ಧತಿ ಬಂದದ್ದು. ಬಸ್‌ಸ್ಟಾಪಿನಲ್ಲಿ ದೂರ ದೂರ ನಿಲ್ಲುವ ಈ ಜನ ಅಂದು ನನ್ನ ಸುತ್ತ ಲೋಕಲ್ಲಿನಷ್ಟೇ ಒತ್ತಾಗಿ ನಿಂತಿದ್ದರು.

ಅಷ್ಟರಲ್ಲಿ ಎಲ್ಲರೂ ಮೇಲೆ ನೋಡತೊಡಗಿದರು. ನೇತಾಡುತ್ತಿದ್ದ ಇಡ್ಲಿಯ ತಳದಿಂದ ಹಳದಿ ನೀರಿನ ಒಂದು ಧಾರೆ ನೆಟ್ಟಗೆ ಸಮುದ್ರಕ್ಕೆ ಸುರಿಯುತ್ತಿತ್ತು. ದಪ್ಪಗಿದ್ದದ್ದು ತೆಳ್ಳಗಾಯಿತು, ತೆಳ್ಳಗಿದ್ದದ್ದು ಹನಿಯಾಯಿತು, ಹನಿಯೂ ನಿಂತಿತು. ಯಾರೂ ಏಣಿ ಹತ್ತಲಿಲ್ಲ. ಯಾರೂ ಡಬ್ಬ ಹಿಡಿಯಲಿಲ್ಲ.

ಲೀನಾ ಏದುಸಿರು ಬಿಡುತ್ತ ಬಂದಳು, ಮುಷ್ಟಿಯಲ್ಲಿ ಬೂಚು. ಬಕೀಟು ಕೊಡಿ, ಮೊದಲು ನೀರು ಮೊಗೆಯುತ್ತೇನೆ ಎಂದಳು. ಮೊಗೆಯಲು ಏನಿಲ್ಲ ಎಂದರು ಬಿರ್ಗಿಟ್ಟಾ. ದೋಣಿಯನ್ನು ದಡದ ಮೇಲಕ್ಕೆ ತಂದು ತಗ್ಗಿಸಿದರು. ಲೀನಾ ಹತ್ತಿ ಹಲಗೆ ಎತ್ತಿ ನೋಡಿದಳು. ಒಳಗೆ ಕೈಯಾಡಿಸಿ, ಒದ್ದೆ ಬೆರಳನ್ನು ನೋಡಿಕೊಂಡಳು. ಅಷ್ಟೇ ಇತ್ತು ನೀರು.

"ಯಾರು ಖಾಲಿ ಮಾಡಿದ್ದು?" ಎಂದು ಅಪ್ಪನನ್ನು ಕೇಳಿದಳು.

"ಯಾರೂ ಅಲ್ಲ," ಎಂದ ಅಣ್ಣ. "ಅದೇ ಹೋಯಿತು."

ಅವಳು ಕೆಳಗಿಳಿದು, ದೋಣಿಯ ತಳಕ್ಕೆ ಬಗ್ಗಿ, ಆ ತೂತಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಬೂಚನ್ನು ತಾನೇ ತಿರುಪಿದಳು, ಬಿಗಿಯಾಗುವವರೆಗೆ. ಎದ್ದು ನಿಂತು ಅಪ್ಪನ ಒಳ್ಳೆಯ ಭುಜಕ್ಕೆ ಹಣೆಯಿಟ್ಟಳು. ಅಣ್ಣ ಅತ್ತ. ನಾನಂತೂ ಬನ್ನು ಹಿಡಿದುಕೊಂಡೇ ಅತ್ತೆ.

ಇಡ್ಲಿ ಎರಡನೆಯ ಸಲ ನೀರಿಗಿಳಿಯಿತು. ಲೀನಾಳ ಹೆಬ್ಬೆರಳು ಮೇಲೆ ಬಂತು. ಕಡೆಯ ದೋಣಿ ಇಳಿಯುವವರೆಗೆ ನಾವೂ ನಿಂತೆವು. ಸಂಜೆ ಮನೆಯಲ್ಲಿ ಅವಳು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ, ಸ್ವೀಡಿಷ್ ಭಾಷೆಯಲ್ಲಿ ಏನೋ ಮಾತಾಡಿದಳು. ನನಗೆ ತಿಳಿದದ್ದು ಒಂದೇ ಪದ, ಇಡ್ಲಿ. ಏನಂತೆ ಎಂದು ಅಣ್ಣನನ್ನು ಕೇಳಿದೆ. ನಾಳೆ ಬರುವುದು ಬೇಡ, ಮಾರುತ್ತಿಲ್ಲ ಅಂತೆ ಎಂದ. ಒಳಗೆ ಬಂದ ಲೀನಾ ನನ್ನ ಕಡೆ ಬೆರಳು ಮಾಡಿ, ಬೂಚು ಇನ್ನು ನನ್ನ ಸುಪರ್ದಿಗೆ, ನಿಮ್ಮಿಬ್ಬರನ್ನು ನಂಬುವುದಿಲ್ಲ ಎಂದಳು. ಹಾಗೆಂದು ಫಿಲ್ಟರಿನ ಪೂರ್ತಿ ಕತೆ ಹೇಳಿಸಿಕೊಂಡಳು.

ಮತ್ತೆ ಡೊಂಬಿವಲಿ

ಬರುವಾಗ ಅಣ್ಣ ಜೇಬಿನಿಂದ ಆ ಬಿಳಿ ಬಿಲ್ಲೆ ತೆಗೆದು ಕೊಟ್ಟ. ಈಗ ಅದು ಗಲ್ಲಾದ ಮೇಲೆ, ಗಣಪತಿಯ ಪಕ್ಕ ಇದೆ. ಪಾಟೀಲರು ಬಂದಾಗೊಮ್ಮೆ ಅದರ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ, ಚಲೋ ಕೊರದೀರಿ ಎನ್ನುತ್ತಾರೆ. ಮನೆಗೆ ಬಂದ ಹೊಸತರಲ್ಲಿ ನೀರಿನ ಲೋಟ ತಂದುಕೊಟ್ಟದ್ದಕ್ಕೆ ನಮ್ಮವರಿಗೆ ಥ್ಯಾಂಕ್ಸ್ ಎಂದೆ. ಅವರು ಎರಡು ದಿನ ನನ್ನನ್ನು ಒಂದು ಥರಾ ನೋಡಿದರು.

ವರುಷ ತಿರುಗಿತು. ಮೊನ್ನೆ ಬೆಳಗ್ಗೆ ಹೋಟೆಲಿಗೆ ಮೊದಲು ಬಂದವಳು ನಾನೇ. ಶಟರ್ ಎತ್ತಿ, ದೀಪ ಹಚ್ಚಿ, ಫಿಲ್ಟರಿನ ಮೇಲಿದ್ದ ತೊಟ್ಟಿಯ ಬೂಚು ಕೈಗೆತ್ತಿಕೊಳ್ಳುವಾಗ ಫೋನಿನಲ್ಲಿ ಲೀನಾ ಕಳುಹಿಸಿದ ಎರಡು ಫೋಟೋ ಕಂಡವು. ಒಂದರಲ್ಲಿ ಥಾಣೆಯ ಹಿತ್ತಾಳೆ ಫಿಲ್ಟರು, ಅದರ ಮುಚ್ಚಳದ ಮೇಲೆ ಕಂಚಿನ ಬೂಚು. ಇನ್ನೊಂದರಲ್ಲಿ ದೋಣಿಯ ತಳದಲ್ಲಿ ಅದೇ ಬೂಚು, ಬಿಗಿಯಾಗಿ ಕೂತಿದೆ, ಪಕ್ಕದಲ್ಲಿ ಅಣ್ಣ ನೆಲದ ಮೇಲೆ ಕೈಕಟ್ಟಿ ನಿಂತು ನಗುತ್ತಿದ್ದಾನೆ. ಕೆಳಗೆ ಅವಳು ಬರೆದಿದ್ದಳು:

"ಅತ್ತೆ, ಕಳೆದ ಸಲಕ್ಕೆ ಥ್ಯಾಂಕ್ಸ್. ಈ ಚಳಿಗಾಲ ಅಪ್ಪ ಒಂದು ಸಲವೂ ಏಣಿ ಹತ್ತಲಿಲ್ಲ."

ನಲ್ಲಿಯಲ್ಲಿ ನೀರು ಬರುವ ಸದ್ದಾಯಿತು. ಕಣ್ಣೊರೆಸಿಕೊಂಡು ಹೋಗಿ ಬೂಚು ಹಾಕಿದೆ.